ಐಸ್ ಕಟ್ಟಿದ ರಸ್ತೆಯಲ್ಲಿ ಕೈ ಮುಖ್ಯವೋ, ಟೈರ್ ಮುಖ್ಯವೋ? ಜನವರಿಯಲ್ಲಿ ಮನಾಲಿಗೆ ಹೊರಟಿರೋ ತಮ್ಮನಿಗಾಗಿ ಕೇಳ್ತಿದ್ದೀನಿ

ಕುವೆಂಪುನಗರ_ಅಣ್ಣ

ಎಲ್ಲರಿಗೂ ನಮಸ್ಕಾರ. ನಮ್ಮ ತಮ್ಮ ಜನವರಿಯಲ್ಲಿ ಮೈಸೂರಿಂದ ಸ್ವಂತ ಗಾಡಿಯಲ್ಲೇ ಮನಾಲಿಗೆ, ಅಲ್ಲಿಂದ ಅಟಲ್ ಸುರಂಗ ದಾಟಿ ಸಿಸ್ಸು, ಕೇಲಾಂಗ್ ಕಡೆ ಹೋಗ್ತೀನಿ ಅಂತ ಪಟ್ಟು ಹಿಡಿದು ಕೂತಿದ್ದಾನೆ. ಡೀಸೆಲ್, ಫೋರ್ ಬೈ ಫೋರ್. ಜೊತೆಗೆ ಸ್ನೇಹಿತರು. "ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯೋ ಎಬಿಎಸ್ ಇದೆ, ಇಳಿಜಾರಲ್ಲಿ ತಾನೇ ವೇಗ ಹಿಡಿದಿಡೋ ಬಟನ್ ಇದೆ, ಗಾಡಿನೇ ನೋಡ್ಕೊಳ್ಳುತ್ತೆ" ಅಂತಾನೆ. ಅಪ್ಪ ಅಂಬಾಸಡರ್ ಟ್ಯಾಕ್ಸಿ ಓಡಿಸಿ ನಮ್ಮನ್ನ ಸಾಕಿದವರು. ಊಟಿ ಘಾಟಿ, ಮಡಿಕೇರಿ ಮಳೆ ಎಲ್ಲಾ ನೋಡಿದವರು. "ಕೈ ಪಳಗಿದ್ರೆ ಯಾವ ರಸ್ತೆ ಆದ್ರೇನು" ಅನ್ನೋದು ಅವರ ವಾದ. ಇಬ್ಬರೂ ಹಿಮದ ಮೇಲೆ ಒಂದು ಅಡಿ ಓಡಿಸಿದವರಲ್ಲ.

ಓಡಿಸಿರೋರು ದಯವಿಟ್ಟು ಹೇಳಿ. ಬರೀ "ಹೋಗಬೇಡ" ಅಂದ್ರೆ ಅವನು ಕೇಳೋನಲ್ಲ, ಕಾರಣ ಬೇಕು.

ಮದ್ದೂರು_ಮಾಜಿಸೈನಿಕ

ನಾನು ಎಎಸ್‌ಸಿಯಲ್ಲಿದ್ದವನು. ಸೈನ್ಯಕ್ಕೆ ರೇಷನ್, ಇಂಧನ ಸಾಗಿಸೋ ದಳ. ಲಡಾಖ್ ಕಡೆ ಚಳಿಗಾಲದಲ್ಲಿ ಲಾರಿ ಓಡಿಸಿದ್ದೀನಿ. ನಿಮ್ಮ ತಂದೆಯವರಿಗೆ ಗೌರವ ಕೊಟ್ಟೇ ಹೇಳ್ತೀನಿ, ಐಸ್ ಮೇಲೆ ಪಳಗಿದ ಕೈಗೂ ಹಿಡಿಯೋಕೆ ಏನಾದ್ರೂ ಬೇಕಲ್ಲ. ಚಕ್ರಕ್ಕೂ ನೆಲಕ್ಕೂ ಹಿಡಿತವೇ ಇಲ್ಲದಾಗ ಸ್ಟೇರಿಂಗ್ ಹಿಡಿದವನು ಯಾರಾದ್ರೂ ಒಂದೇ.

ನಮ್ಮಲ್ಲಿ ಚೈನ್, ಅಂದ್ರೆ ಹಿಡಿತಕ್ಕೆ ಟೈರ್ ಸುತ್ತ ಕಟ್ಟೋ ಸರಪಳಿ, ಇಲ್ಲದ ಗಾಡಿ ಆ ಇಳಿಜಾರಿಗೆ ಇಳೀತಾನೇ ಇರ್ಲಿಲ್ಲ, ಚಾಲಕ ಎಷ್ಟೇ ಹಳಬನಾಗಲಿ. ಆದ್ರೆ ಚೈನ್ ಕಟ್ಟಿದ ಗಾಡಿಗಳೂ ಉರುಳಿದ್ದನ್ನ ನೋಡಿದ್ದೀನಿ. ಅದಕ್ಕೆ ನಿಮ್ಮ ತಮ್ಮನ ಮಾತನ್ನೂ ಒಪ್ಪಲ್ಲ. ಇಳಿಜಾರು ಶುರುವಾಗೋ ಮುಂಚೆ, ಸಮತಟ್ಟು ಜಾಗದಲ್ಲಿ ಚೈನ್ ಕಟ್ಟಬೇಕು. ಜಾರೋಕೆ ಶುರುವಾದ ಮೇಲೆ ಕಟ್ತೀನಿ ಅಂದ್ರೆ ಗಾಡಿ ಕೆಳಗೆ ಕೈ ಹಾಕೋಕೇ ಆಗಲ್ಲ. ಕಟ್ಟಿ ಸ್ವಲ್ಪ ದೂರ ಉರುಳಿಸಿ ಮತ್ತೆ ಇಳಿದು ಬಿಗಿ ಮಾಡಬೇಕು. ಈ ಎರಡನೇ ಸಲ ಬಿಗಿ ಮಾಡೋದನ್ನ ಹೊಸಬರೆಲ್ಲ ಬಿಡ್ತಾರೆ, ಸಡಿಲ ಚೈನ್ ಬ್ರೇಕ್ ಪೈಪಿಗೆ ಬಡಿಯುತ್ತೆ. ಕಟ್ಟಿದ ಮೇಲೆ 40 ಕಿ.ಮೀ. ವೇಗ ದಾಟಬಾರದು. ಬರೀ ಟಾರ್ ಬಂತು ಅಂದ್ರೆ ಬಿಚ್ಚಬೇಕು.

ಇಳಿಯುವಾಗ ಮೊದಲೇ ಒಂದೋ ಎರಡೋ ಗೇರಿಗೆ ಹಾಕಿ ಬಿಟ್ಟುಬಿಡಿ. ಅರ್ಧ ಇಳಿಜಾರಲ್ಲಿ ರಪ್ಪಂತ ಗೇರ್ ಇಳಿಸಿದ್ರೆ ಬ್ರೇಕ್ ಮುಟ್ಟದೇನೂ ಚಕ್ರ ಜಾರುತ್ತೆ.

ಮೇಟಗಳ್ಳಿ_ರಬ್ಬರ್

ನಾನು ಮೇಟಗಳ್ಳಿಯ ಟೈರ್ ಕಾರ್ಖಾನೆಯಿಂದ ನಿವೃತ್ತ. ವಿಕ್ರಾಂತ್ ಅಂತಿದ್ದದ್ದು 1997ರಲ್ಲಿ ಜೆ.ಕೆ. ಟೈರ್ ಕೈಗೆ ಹೋಯಿತಲ್ಲ, ಅದೇ. ಹಾಗಾಗಿ ಟೈರ್ ಬಗ್ಗೆ ಮಾತ್ರ ಬರೀತೀನಿ.

ನಮ್ಮ ಮೈಸೂರಿನ ಗಾಡಿಗಳಲ್ಲಿರೋದು ಬಿಸಿಲಿಗೆ ತಡೆಯೋ ರಬ್ಬರ್. ತಾಪಮಾನ ಸುಮಾರು 7 ಡಿಗ್ರಿಗಿಂತ ಕೆಳಗಿಳಿದ್ರೆ ಅದು ಗಡುಸಾಗ್ತಾ ಹೋಗುತ್ತೆ. ಡಿಸೆಂಬರ್ ಬೆಳಿಗ್ಗೆ ನಮ್ಮ ಮನೆಗಳಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಿಂದ ಇಳಿಯಲ್ಲ ನೋಡಿ, ಹಾಗೆ. ರಬ್ಬರ್ ರಸ್ತೆಯ ಸಣ್ಣ ಸಣ್ಣ ಉಬ್ಬುತಗ್ಗಿಗೆ ಒತ್ತಿ ಕೂತ್ರೆ ತಾನೇ ಹಿಡಿತ? ಗಡುಸಾದದ್ದು ಮೇಲೇ ತೇಲುತ್ತೆ. ಚಳಿಗಾಲದ ಟೈರಿನ ಮಿಶ್ರಣವೇ ಬೇರೆ. ಸಿಲಿಕಾ ಜಾಸ್ತಿ, ಶೂನ್ಯಕ್ಕಿಂತ ಕೆಳಗೂ ಮೆತ್ತಗಿರುತ್ತೆ. ಟೈರಿನ ಗುಂಡಿಗಳ ಮೇಲೆಲ್ಲ, ಅಂದ್ರೆ ನೆಲ ಮುಟ್ಟೋ ಉಬ್ಬು ತುಂಡುಗಳ ಮೇಲೆ, ಬ್ಲೇಡಲ್ಲಿ ಕೊಯ್ದ ಹಾಗೆ ನೂರಾರು ಸಣ್ಣ ಸೀಳು ಇರುತ್ತೆ, ಆ ಸೀಳಿನ ಅಂಚುಗಳೇ ಹಿಮವನ್ನ ಕಚ್ಚೋದು.

ಗುರುತು ಹೇಗೆ ಅಂದ್ರೆ, ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಚಿತ್ರ ಇರಬೇಕು. ಪರೀಕ್ಷೆ ಪಾಸಾದವಕ್ಕೆ ಮಾತ್ರ ಅದು. ಬರೀ 'ಎಂ ಪ್ಲಸ್ ಎಸ್' (ಮಡ್ ಅಂಡ್ ಸ್ನೋ, ಕೆಸರು ಮತ್ತು ಹಿಮ) ಅಂತಿದ್ರೆ ನಂಬಬೇಡಿ, ಅದನ್ನ ತಯಾರಕರು ತಾವೇ ಹಾಕಿಕೊಳ್ಳಬಹುದು. ಜರ್ಮನಿಯಲ್ಲಿ 2024ರ ಅಕ್ಟೋಬರಿಂದ ಬರೀ ಎಂ ಪ್ಲಸ್ ಎಸ್ ಟೈರನ್ನ ಚಳಿಗಾಲದ ಟೈರ್ ಅಂತ ಲೆಕ್ಕಕ್ಕೇ ತಗೊಳ್ಳಲ್ಲ. ನಿಮ್ಮ ತಮ್ಮನ ಗಾಡಿಯಲ್ಲಿ ಬಹುಶಃ ಆಲ್ ಟೆರೇನ್ ಟೈರ್ ಇರುತ್ತೆ. ದಪ್ಪ ಗುಂಡಿ ನೋಡಿ ಮೋಸ ಹೋಗಬೇಡಿ. ಕೆಸರಿಗೆ ಅದು ಸರಿ, ಐಸಿಗೆ ಅಲ್ಲ.

ಕೆಆರ್‌ಪೇಟೆ_ಟ್ಯಾಕ್ಸಿ

ಸರ್, ಎಲ್ಲರೂ ಟೈರ್ ಮಾರೋರ ಥರಾ ಮಾತಾಡ್ತಿದ್ದೀರ. ನಾನು ಮನಾಲಿಗೆ ಪಾರ್ಟಿ ಕರ್ಕೊಂಡು ಹೋಗಿದ್ದೀನಿ. ಅಲ್ಲಿನ ಹುಡುಗರು ಸಣ್ಣ ಸಣ್ಣ ಕಾರಲ್ಲಿ, ಮಾಮೂಲಿ ಟೈರಲ್ಲಿ ಹಿಮದ ಮೇಲೆ ಓಡಾಡ್ತಾರೆ. ದೆಹಲಿಯಿಂದ ಬಂದ ದೊಡ್ಡ ಗಾಡಿಗಳೇ ಅಡ್ಡಡ್ಡ ನಿಂತಿರೋದು. ಇದಕ್ಕೇನಂತೀರ? ಕೈ ಅಲ್ವಾ?

ಮದ್ದೂರು_ಮಾಜಿಸೈನಿಕ

ಅಣ್ಣ, ನೀವು ನೋಡಿದ್ದು ನಿಜ. ಆದ್ರೆ ಆ ಹುಡುಗರ ಡಿಕ್ಕಿ ತೆಗೆದು ನೋಡಿದ್ರಾ? ಚೈನ್ ಇರುತ್ತೆ. ಯಾವ ತಿರುವಿಗೆ ಬಿಸಿಲು ಬೀಳಲ್ಲ, ಯಾವ ಹೊತ್ತಿಗೆ ರಸ್ತೆ ಗಟ್ಟಿಯಾಗುತ್ತೆ ಅಂತ ಅವರಿಗೆ ಬಾಯಿಪಾಠ. ಸಾಯಂಕಾಲ ನಾಲ್ಕಾದ್ರೆ ಅವರು ಗಾಡಿ ತೆಗೆಯಲ್ಲ. ಅದೂ ಚಾಲನೆಯೇ, ನಾವು ಲೆಕ್ಕಕ್ಕೆ ತಗೊಳ್ಳಲ್ಲ ಅಷ್ಟೇ.

ಸರಸ್ವತಿಪುರಂ_ಫಿಸಿಕ್ಸ್

ಇದಕ್ಕೆ ಅಂಕಿ ಹಾಕೋಣ. ಪಿಯುಸಿ ಮಟ್ಟದ ಲೆಕ್ಕ ಸಾಕು. ಒಣ ಟಾರ್ ರಸ್ತೆಯಲ್ಲಿ ಟೈರಿನ ಘರ್ಷಣಾಂಕ ಸುಮಾರು 0.7, ಗಟ್ಟಿಯಾಗಿ ತುಳಿದ ಹಿಮದ ಮೇಲೆ 0.2, ಐಸಿನ ಮೇಲೆ ಮಾಮೂಲಿ ಟೈರಿಗೆ 0.1ರ ಆಸುಪಾಸು. ಗಂಟೆಗೆ 50 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿದ ಕ್ಷಣದಿಂದ ನಿಲ್ಲೋಕೆ ಒಣ ರಸ್ತೆಯಲ್ಲಿ 14 ಮೀಟರ್, ಹಿಮದಲ್ಲಿ 49, ಐಸಲ್ಲಿ 98. ವೇಗವನ್ನ 30ಕ್ಕೆ ಇಳಿಸಿದ್ರೆ ಐಸಲ್ಲೂ 35 ಮೀಟರಿಗೆ ನಿಲ್ಲುತ್ತೆ. ಈ ಲೆಕ್ಕದಲ್ಲಿ ಚಾಲಕನ ಅನುಭವಕ್ಕೆ ಜಾಗವೇ ಇಲ್ಲ, ವೇಗಕ್ಕೂ ಘರ್ಷಣೆಗೂ ಮಾತ್ರ ಇದೆ. ಅನುಭವ ಕೆಲಸ ಮಾಡೋದು ಬ್ರೇಕಿಗೆ ಮುಂಚೆ, 50ರ ಬದಲು 30ರಲ್ಲಿ ಬರೋದರಲ್ಲಿ.

ಇನ್ನೊಂದು ಮಾತು, ಇದನ್ನ ತಮ್ಮನಿಗೆ ತೋರಿಸಲೇಬೇಕು. ಘರ್ಷಣಾಂಕ 0.1 ಅಂದ್ರೆ ಹತ್ತು ಅಡಿಗೆ ಒಂದು ಅಡಿ ಇಳಿಜಾರಲ್ಲಿ ನಿಂತಿರೋ ಗಾಡಿಯೇ ತಾನಾಗಿ ಜಾರೋ ಸ್ಥಿತಿ. ಬೆಟ್ಟದ ರಸ್ತೆಯಲ್ಲಿ ಅಂಥ ಇಳಿಜಾರು ಹೊಸದೇನಲ್ಲ. ಅಲ್ಲಿ ಯಾವ ಬಟನ್ ಏನು ಮಾಡುತ್ತೆ? ಆ ಬಟನ್ ಕೆಲಸ ಮಾಡೋದು ಬ್ರೇಕನ್ನ ಬಿಟ್ಟು ಬಿಟ್ಟು ಹಿಡಿದು. ಹಿಡಿತವೇ ಇಲ್ಲದಾಗ ಅದಕ್ಕೂ ದಾರಿಯಿಲ್ಲ.

ಫೋರ್ ಬೈ ಫೋರ್ ವಿಷಯವೂ ಇಷ್ಟೇ. ಇಂಜಿನ್ ಶಕ್ತಿಯನ್ನ ನಾಲ್ಕು ಚಕ್ರಕ್ಕೆ ಹಂಚೋದು ಅದರ ಕೆಲಸ, ಹಾಗಾಗಿ ಹೊರಡೋಕೆ, ಹತ್ತೋಕೆ ಸಹಾಯ. ನಿಲ್ಲೋಕೆ ಎಲ್ಲಾ ಕಾರಿಗೂ ಬ್ರೇಕ್ ಇರೋದು ನಾಲ್ಕು ಚಕ್ರಕ್ಕೇ.

ಮಂಡ್ಯ_ಟು_ಮಾಂಟ್ರಿಯಲ್

ಸರಸ್ವತಿಪುರಂ ಸರ್ ಹೇಳಿದ್ದನ್ನ ಪ್ರತಿ ನವೆಂಬರಲ್ಲೂ ಕಣ್ಣಾರೆ ನೋಡ್ತೀನಿ. ನಾನು ಮಂಡ್ಯ ಗುತ್ತಲು ರಸ್ತೆಯವಳು, ಈಗಿರೋದು ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ. ಇಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಕಡ್ಡಾಯ, ಕಾನೂನು ಬಂದದ್ದು 2008ರಲ್ಲಿ. ಅಂದ್ರೆ ಎಲ್ಲರ ಹತ್ರಾನೂ ಸಾಮಾನು ಸಮ. ಆದ್ರೂ ಮೊದಲ ಹಿಮ ಬಿದ್ದ ದಿನ ಚರಂಡಿಯಲ್ಲಿ ಗಾಡಿಗಳು ಇರ್ತಾವೆ, ಅದರಲ್ಲಿ ದೊಡ್ಡ ಎಸ್‌ಯುವಿಗಳು ಕಡಿಮೆಯೇನಲ್ಲ. ಹೊರಡುವಾಗ ಜಾರಲಿಲ್ಲ ಅಂತ ಧೈರ್ಯ ಬಂದುಬಿಡುತ್ತೆ ಅವರಿಗೆ. ಎಷ್ಟು ನುಣುಪು ಅಂತ ಗೊತ್ತಾಗೋದು ಮೊದಲ ಸಲ ಬ್ರೇಕ್ ಒತ್ತಿದಾಗ.

ಕುವೆಂಪುನಗರ ಅಣ್ಣ, ತಮ್ಮನಿಗೆ ಬ್ಲ್ಯಾಕ್ ಐಸ್ ಬಗ್ಗೆ ಹೇಳಿ. ಅದು ಕಪ್ಪಲ್ಲ, ಪಾರದರ್ಶಕ. ಕೆಳಗಿನ ಟಾರ್ ಕಾಣೋದರಿಂದ ರಸ್ತೆ ಬರೀ ಒದ್ದೆ ಇದೆ ಅನ್ಸುತ್ತೆ. ನನಗೆ ಇಲ್ಲಿನ ಡ್ರೈವಿಂಗ್ ಟೀಚರ್ ಕಲಿಸಿದ್ದು ಕಿವಿ ಕೊಡೋದನ್ನ. ಒದ್ದೆ ರಸ್ತೆಯಲ್ಲಿ ಟೈರಿಂದ ನೀರು ಚಿಮ್ಮೋ ಸದ್ದು ಬರ್ತಿರುತ್ತೆ. ಆ ಸದ್ದು ಇದ್ದಕ್ಕಿದ್ದಂತೆ ನಿಂತು, ಸ್ಟೇರಿಂಗ್ ಕೈಯಲ್ಲಿ ಹಗುರಾದ್ರೆ ನೀವು ಐಸ್ ಮೇಲಿದ್ದೀರಿ. ಮುಂದಿನ ಗಾಡಿಯ ಚಕ್ರದಿಂದ ನೀರು ಹಾರ್ತಿಲ್ಲ, ರಸ್ತೆ ಮಾತ್ರ ಒದ್ದೆ ಥರಾ ಹೊಳೀತಿದೆ ಅಂದ್ರೂ ಅದೇ ಅರ್ಥ. ಆಗ ಏನೂ ಮಾಡಬಾರದು. ಆಕ್ಸಿಲರೇಟರಿಂದ ಕಾಲನ್ನ ಮೆಲ್ಲಗೆ ತೆಗೀರಿ, ಸ್ಟೇರಿಂಗ್ ನೇರ ಹಿಡೀರಿ, ದಾಟೋವರೆಗೆ ಕಾಯಿರಿ.

ಸೇತುವೆ ಮೇಲೆ ಮೊದಲು ಕಟ್ಟುತ್ತೆ, ಕೆಳಗಿಂದಲೂ ತಣ್ಣನೆ ಗಾಳಿ ಹೊಡೆಯೋದರಿಂದ. ಬೆಟ್ಟದ ನೆರಳಿರೋ ತಿರುವುಗಳಲ್ಲಿ ಮಧ್ಯಾಹ್ನವೂ ಕರಗಲ್ಲ. ಮತ್ತೆ ಎಲ್ಲರೂ ತಪ್ಪು ತಿಳಿಯೋದು ಇದನ್ನ: ಮೈನಸ್ 20ರಲ್ಲಿ ಐಸ್ ಒಣಗಿರುತ್ತೆ, ಕೊಂಚ ಹಿಡಿತ ಸಿಗುತ್ತೆ. ಶೂನ್ಯದ ಹತ್ರ, ಮೇಲೆ ನೀರಿನ ತೆಳುಪದರ ಇರೋವಾಗಲೇ ಅತಿ ಅಪಾಯ. ಬಿಸಿಲು ಬಂತು, ಇನ್ನು ಪರವಾಗಿಲ್ಲ ಅಂತ ಹೊರಟವರು ಆ ಹೊತ್ತಿಗೇ ಸಿಕ್ಕಿಹಾಕಿಕೊಳ್ಳೋದು.

ಆ_ತಮ್ಮ

ನಾನೇ ಆ ತಮ್ಮ. ಅಣ್ಣ ಲಿಂಕ್ ಕಳಿಸಿದ, ಎಲ್ಲಾ ಓದಿದೆ. ಫೋರ್ ಬೈ ಫೋರ್ ನಿಲ್ಲಿಸೋಕೆ ಸಹಾಯ ಮಾಡಲ್ಲ ಅನ್ನೋದು ಒಪ್ಪಿದೆ. ಆದ್ರೆ ಎಬಿಎಸ್ ಇರೋದೇ ಜಾರೋದನ್ನ ತಪ್ಪಿಸೋಕೆ ತಾನೇ? ಭಾರತದಲ್ಲಿ 2019ರ ಏಪ್ರಿಲಿಂದ ಕಾರಿಗೆ ಕಡ್ಡಾಯ ಮಾಡಿದ್ದಾರೆ, ಸುಮ್ಮನೆ ಮಾಡ್ತಾರಾ? ಮತ್ತೆ ಜಾರಿದ್ರೆ ಸರಿ ಮಾಡ್ಕೊಳ್ಳೋದು ಕಲಿಯೋಕಾಗಲ್ವಾ? ಅಲ್ಲೇ ಒಂದು ಖಾಲಿ ಮೈದಾನದಲ್ಲಿ ಒಂದು ದಿನ ಪ್ರಾಕ್ಟೀಸ್ ಮಾಡಿ ಹೋಗ್ತೀನಿ.

ಸರಸ್ವತಿಪುರಂ_ಫಿಸಿಕ್ಸ್

ಒಳ್ಳೆ ಪ್ರಶ್ನೆ ತಮ್ಮಾ. ಎಬಿಎಸ್ ಚಕ್ರ ಪೂರ್ತಿ ಲಾಕ್ ಆಗೋದನ್ನ ತಪ್ಪಿಸುತ್ತೆ. ಅದರಿಂದ ಸಿಗೋ ಲಾಭ ಬ್ರೇಕ್ ಒತ್ತಿರೋವಾಗಲೂ ಗಾಡಿಯನ್ನ ತಿರುಗಿಸೋ ಅವಕಾಶ. ನಿಲ್ಲೋ ದೂರ ಕಡಿಮೆಯಾಗುತ್ತೆ ಅಂತ ಭರವಸೆಯಿಲ್ಲ. ಸಡಿಲ ಹಿಮದಲ್ಲಂತೂ ದೂರ ಹೆಚ್ಚಾಗಬಹುದು. ಲಾಕ್ ಆದ ಚಕ್ರ ಮುಂದೆ ಹಿಮದ ದಿಬ್ಬ ಕಟ್ಟಿ ತಡೆಯುತ್ತೆ, ಉರುಳ್ತಿರೋ ಚಕ್ರ ಅದರ ಮೇಲೆ ಹತ್ತಿಬಿಡುತ್ತೆ. ಎಬಿಎಸ್ ಇದ್ರೆ ಪೆಡಲ್ ಕಾಲಡಿ ಕಟಕಟ ಅಂತ ಅದುರುತ್ತೆ, ಹೆದರಿ ಕಾಲು ತೆಗೀಬೇಡ. ಒತ್ತೇ ಹಿಡಿದು, ಹೋಗಬೇಕಾದ ಕಡೆ ನೋಡ್ತಾ ತಿರುಗಿಸು.

ವಿಜಯನಗರ_ಡ್ರೈವಿಂಗ್‌ಸ್ಕೂಲ್

ಪ್ರಾಕ್ಟೀಸ್ ಬಗ್ಗೆ ನಾನು ಬರೀಬೇಕು, ಕಲಿಸೋದೇ ನನ್ನ ವೃತ್ತಿ. ನಾರ್ವೆಯಲ್ಲಿ ಜಾರು ರಸ್ತೆಯ ತರಬೇತಿ ಲೈಸೆನ್ಸಿನ ಭಾಗ. 1980ರ ದಶಕದಲ್ಲಿ ಅಲ್ಲಿ ಅದರ ಪರಿಣಾಮ ಅಳೆದು ನೋಡಿದಾಗ, ಜಾರಿದ ಗಾಡಿ ಹಿಡಿಯೋದನ್ನ ಕಲಿತ ಎಳೆಯ ಹುಡುಗರ ಅಪಘಾತ ಜಾರು ರಸ್ತೆಗಳಲ್ಲಿ ಇಳಿಯೋ ಬದಲು ಏರಿತ್ತು. ನನಗೆ ಬರುತ್ತೆ ಅನ್ನೋ ನಂಬಿಕೆ ಕೈಗಿಂತ ಮುಂದೆ ಓಡಿತು. ಆಮೇಲೆ ಪಾಠದ ಒತ್ತು ಬದಲಾಯಿತು. ಜಾರಿದಾಗ ಹಿಡಿಯೋ ಸಾಹಸಕ್ಕಿಂತ, ನಿನ್ನ ಗಾಡಿ ನಿಲ್ಲೋಕೆ ಎಷ್ಟು ದೂರ ಬೇಕು ಅಂತ ಕಣ್ಣಿಗೆ ತೋರಿಸಿ, ಜಾರೋ ಪರಿಸ್ಥಿತಿಗೇ ಹೋಗದಂತೆ ಕಲಿಸೋಕೆ ಶುರು ಮಾಡಿದ್ರು.

ಹಾಗಾಗಿ ತಮ್ಮಾ, ಮೈದಾನದ ಪ್ರಾಕ್ಟೀಸ್ ಮಾಡು, ಖಂಡಿತ ಮಾಡು. ಆದ್ರೆ ಗಾಡಿಯನ್ನ ಸುತ್ತಿಸಿ ಆಟ ಆಡಬೇಡ. 20ರಲ್ಲಿ, 30ರಲ್ಲಿ, 40ರಲ್ಲಿ ಬಂದು ಒಂದು ಗುರುತಿನ ಹತ್ರ ಬ್ರೇಕ್ ಒತ್ತಿ, ಎಲ್ಲಿ ನಿಂತಿತು ಅಂತ ಇಳಿದು ನಡೆದು ನೋಡು. ಆ ನಡಿಗೆ ಎಷ್ಟು ಉದ್ದ ಅಂತ ಕಾಲಿಗೆ ಗೊತ್ತಾಗಬೇಕು.

ಹಿಂದಿನ ಚಕ್ರ ಜಾರಿ ಬಾಲ ಎಡಕ್ಕೆ ಹೋದ್ರೆ ಸ್ಟೇರಿಂಗ್ ಎಡಕ್ಕೇ ಕೊಡು, ಗಾಡಿ ನೇರ ಆಗ್ತಿದ್ದ ಹಾಗೆ ಮೆಲ್ಲಗೆ ವಾಪಸ್ ತಾ. ಮುಂದಿನ ಚಕ್ರ ಜಾರಿ ತಿರುವು ಕೇಳ್ತಿಲ್ಲ ಅಂದ್ರೆ ಇನ್ನೂ ಜಾಸ್ತಿ ತಿರುಗಿಸಬೇಡ. ಕಾಲು ತೆಗೆದು, ಸ್ಟೇರಿಂಗ್ ಸ್ವಲ್ಪ ಸಡಿಲ ಮಾಡಿ, ಹಿಡಿತ ವಾಪಸ್ ಬರೋಕೆ ಬಿಡು. ಎರಡನೇದು ಮನಸ್ಸಿಗೆ ತೀರಾ ಕಷ್ಟ, ಕೈ ತಾನಾಗಿ ಇನ್ನೂ ತಿರುಗಿಸುತ್ತೆ.

ಪಾಂಡವಪುರ_ರೈತ

ಎಲ್ರೂ ಹಿಮದ ಮಾತಾಡ್ತಾವ್ರೆ, ಒಳ್ಳೇದೇ. ನಮ್ ಕಡೆ ಐಸ್ ಬರಕಿಲ್ಲ, ಹುರುಳಿ ಬತ್ತದೆ. ಡಿಸೆಂಬರ್ ಜನವರೀಲಿ ಹಳ್ಳಿ ರಸ್ತೆ ಮ್ಯಾಲೆಲ್ಲಾ ರಾಗಿ, ಹುರುಳಿ ಒಕ್ಕಣೆ. ಹುಲ್ಲಿನ ಅಡೀಲಿ ಕಾಳು ಉರುಳ್ತಾ ಇರ್ತದೆ, ಬೈಕಿನೋರು ಮುಂದಿನ ಬ್ರೇಕ್ ಹಿಡುದ್ರು ಅಂದ್ರೆ ಮುಗೀತು. ಹುರುಳಿ ಬಳ್ಳಿ ಕಾರಿನಡಿ ಸುತ್ಕೊಂಡು ಸೈಲೆನ್ಸರ್ ಬಿಸಿಗೆ ಬೆಂಕಿ ಹತ್ತಿದ್ದೂ ಉಂಟು. ನಾವು ಮಾಡೋದು ತಪ್ಪು ಅಂತೀರ, ತಪ್ಪೇ. ಆದ್ರೆ ಊರಲ್ಲಿ ಕಣ ಎಲ್ಲೈತೆ? ಇದ್ದ ಕಣದ ಜಾಗೆಲ್ಲಾ ಮನೆ ಆದೊ. ಪಂಚಾಯ್ತಿಯೋರು ಒಂದು ಸಿಮೆಂಟ್ ಕಣ ಹಾಕ್ಕೊಟ್ರೆ ಯಾರೂ ರಸ್ತೆಗೆ ಹರವಕಿಲ್ಲ.

ಇನ್ನೊಂದು ಹೇಳ್ಬೇಕು. 2018ರ ನವೆಂಬರ್ 24ನೇ ತಾರೀಕು ಕನಗನಮರಡಿ ತಾವ ವಿ.ಸಿ. ನಾಲೆಗೆ ಬಸ್ ಬಿದ್ದು 30 ಜನ ಹೋದ್ರು. ಮಕ್ಕಳು ಇದ್ರು ಅದ್ರಲ್ಲಿ. ಕೈ ದೊಡ್ದೋ ಟೈರ್ ದೊಡ್ದೋ ಅಂತ ನೀವು ವಾದ ಮಾಡ್ತಾ ಇದ್ದೀರ, ನಾಲೆ ಪಕ್ಕದ ರಸ್ತೇಲಿ ತಡೆಗೋಡೆ ಇಲ್ದಿದ್ರೆ ಎರಡೂ ಏನ್ಮಾಡ್ತವೆ ಸ್ವಾಮಿ? ಮಂಜು ಬಿದ್ದ ಬೆಳಿಗ್ಗೆ ನಾಲೆ ಏರಿ ಮ್ಯಾಲೆ ಬಂದು ನೋಡಿ. ಕಬ್ಬಿನ ಗಾಡಿಗೆ ಹಿಂದೆ ಒಂದು ಕೆಂಪು ರಿಫ್ಲೆಕ್ಟರ್ ಇರಕಿಲ್ಲ. ಅದನ್ನ ಮೊದ್ಲು ಮಾತಾಡಿ.

ಮಂಡ್ಯ_ಟು_ಮಾಂಟ್ರಿಯಲ್

ಅಣ್ಣ, ಕನಗನಮರಡಿ ವಿಷಯ ಓದಿ ಕೈ ನಿಂತುಹೋಯ್ತು. ನೀವು ಹೇಳಿದ್ದು ಸರಿ. ಇಲ್ಲೂ ಟೈರ್ ಕಾನೂನಿಗಿಂತ ಹೆಚ್ಚು ಜೀವ ಉಳಿಸ್ತಿರೋದು ರಾತ್ರಿ ಮೂರು ಗಂಟೆಗೆ ಎದ್ದು ಉಪ್ಪು ಚೆಲ್ಲೋರು, ಹಿಮ ತಳ್ಳೋರು ಅಂತ ನನಗನ್ನಿಸುತ್ತೆ. ಉಪ್ಪೂ ಮೈನಸ್ ಹತ್ತರ ಆಚೆ ಅಷ್ಟಾಗಿ ಕೆಲಸ ಮಾಡಲ್ಲ, ಆಗ ಮರಳು, ಜಲ್ಲಿಪುಡಿ ಹಾಕ್ತಾರೆ. ರಸ್ತೆ ನೋಡಿಕೊಳ್ಳೋರು ಕೈಬಿಟ್ರೆ ಚಾಲಕ ಒಬ್ಬನೇ ಏನು ಮಾಡ್ತಾನೆ.

ಮೇಟಗಳ್ಳಿ_ರಬ್ಬರ್

ಪಾಂಡವಪುರದವರು ಊರಿಗೆ ಕರೆತಂದದ್ದು ಒಳ್ಳೇದಾಯಿತು. ನಮ್ಮ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಬಗ್ಗೆಯೂ ಇದೇ ಮಾತು ಬರುತ್ತೆ. 2023ರ ಮಾರ್ಚ್ 12ಕ್ಕೆ ಉದ್ಘಾಟನೆ ಆದ ಮೇಲೆ ಎಲ್ಲರ ವೇಗ ಏರಿತು, ಟೈರ್ ಮಾತ್ರ ಹಳೇದೇ. ರಸ್ತೆ ಮೇಲೆ ನೀರು ಸಾಕಷ್ಟು ನಿಂತಿದ್ರೆ, 32 ಪಿಎಸ್‌ಐ ಗಾಳಿ ಇರೋ ಟೈರ್ ಸುಮಾರು 94 ಕಿ.ಮೀ. ವೇಗಕ್ಕೆ ನೀರಿನ ಮೇಲೆ ತೇಲೋಕೆ ಶುರುವಾಗುತ್ತೆ ಅಂತ ಹಳೆಯ ಸೂತ್ರ ಹೇಳುತ್ತೆ. ಅಲ್ಲಿ ಕಾರಿಗೆ ಮಿತಿ 100. ಗಾಳಿ ಕಡಿಮೆಯಿದ್ರೆ, ಗುಂಡಿ ಸವೆದಿದ್ರೆ ಇನ್ನೂ ಬೇಗ. ಕಾನೂನು ಕೇಳೋದು ಗುಂಡಿಗಳ ನಡುವಿನ ಗೀರಿಗೆ 1.6 ಮಿ.ಮೀ. ಆಳ, ಮಳೆಗಾಲಕ್ಕೆ ಅದು ಸಾಲದು. 3ಕ್ಕೆ ಬಂದಾಗಲೇ ಬದಲಾಯಿಸಿ ಅಂತ ನಾನು ಎಲ್ಲರಿಗೂ ಹೇಳ್ತೀನಿ.

ಒಂಟಿಕೊಪ್ಪಲ್_ಗ್ಯಾರೇಜ್

ಯಾರೂ ಬಾನೆಟ್ ಒಳಗಿನ ಮಾತೇ ಎತ್ತಲಿಲ್ಲ. ತಮ್ಮಾ, ರೇಡಿಯೇಟರಲ್ಲಿ ಏನಿದೆ? ನಮ್ಮ ಮೈಸೂರಲ್ಲಿ ಕೂಲೆಂಟ್ ಇಳಿದ್ರೆ ನಲ್ಲಿ ನೀರು ತುಂಬಿಸಿಬಿಡ್ತಾರೆ, ಇಲ್ಲಿ ನಡೆಯುತ್ತೆ. ಕೇಲಾಂಗಿನ ರಾತ್ರಿಗೆ ಅದು ಹೆಪ್ಪುಗಟ್ಟಿ, ಹಿಗ್ಗಿ, ರೇಡಿಯೇಟರನ್ನೋ ಇಂಜಿನ್ ಬ್ಲಾಕನ್ನೋ ಸೀಳಿಹಾಕುತ್ತೆ. ಕೂಲೆಂಟೂ ನೀರೂ ಅರ್ಧರ್ಧ ಇದ್ರೆ ಮೈನಸ್ 35ರವರೆಗೆ ಭಯವಿಲ್ಲ. ವೈಪರ್ ನೀರೂ ಹಾಗೇ, ಗಾಜಿನ ಮೇಲೆ ಬಿದ್ದ ತಕ್ಷಣ ಗಟ್ಟಿಯಾದ್ರೆ ಮುಂದೆ ಏನೂ ಕಾಣಲ್ಲ.

ಡೀಸೆಲ್ ಗಾಡಿ ಅಂದೆ. ನಮ್ಮ ಕಡೆ ತುಂಬಿಸಿದ ಡೀಸೆಲಲ್ಲಿ ಚಳಿಗೆ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತೆ. ಲಡಾಖಿಗೆ ಅಂತಲೇ ಇಂಡಿಯನ್ ಆಯಿಲ್ ಕಂಪನಿ 2019ರಲ್ಲಿ ಮೈನಸ್ 33ಕ್ಕೂ ಹರಿಯೋ ಡೀಸೆಲ್ ತಂತು. ನೀನು ಬೆಟ್ಟ ಹತ್ತೋ ಮುಂಚೆ ಟ್ಯಾಂಕ್ ಆದಷ್ಟು ಖಾಲಿ ಮಾಡಿ, ಅಲ್ಲಿನ ಬಂಕಲ್ಲೇ ತುಂಬಿಸು.

ಮದ್ದೂರು_ಮಾಜಿಸೈನಿಕ

ಗ್ಯಾರೇಜಿನವರ ಮಾತಿಗೆ ಒಂದು ಸೇರಿಸ್ತೀನಿ. ರಾತ್ರಿ ನಿಲ್ಲಿಸುವಾಗ ಹ್ಯಾಂಡ್ ಬ್ರೇಕ್ ಎಳೀಬೇಡಿ, ಒದ್ದೆ ಬ್ರೇಕ್ ಅಲ್ಲೇ ಹಿಡ್ಕೊಳ್ಳುತ್ತೆ, ಬೆಳಿಗ್ಗೆ ಬಿಡಲ್ಲ. ಸಮ ಜಾಗ ನೋಡಿ ಗೇರಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ.

ಕೆಆರ್‌ಪೇಟೆ_ಟ್ಯಾಕ್ಸಿ

ಮಾಜಿ ಸೈನಿಕರು ಹೇಳಿದ ಮೇಲೆ ನಮ್ಮ ಆಗಿನ ಮನಾಲಿ ಟ್ಯಾಕ್ಸಿಯವನಿಗೆ ಫೋನ್ ಮಾಡಿ ಕೇಳಿದೆ. ಡಿಕ್ಕಿಯಲ್ಲಿ ಚೈನ್ ಯಾವಾಗಲೂ ಇರುತ್ತಂತೆ. ಹಿಮ ಬಿದ್ದ ದಿನ ಸೋಲಂಗ್ ಹತ್ರ ಪೊಲೀಸರು ಚೈನೋ ಫೋರ್ ಬೈ ಫೋರೋ ಇಲ್ಲದ ಗಾಡಿಯನ್ನ ವಾಪಸ್ ಕಳಿಸ್ತಾರಂತೆ. ಹೊರಗಿನವರು ಗಾಡಿ ಮನಾಲಿಯಲ್ಲಿ ಬಿಟ್ಟು ನಮ್ಮ ಗಾಡಿ ಹತ್ತಿದ್ರೆ ನಮಗೂ ರಸ್ತೆ ಖಾಲಿ ಅಂದ. ದುಡ್ಡಿನ ಆಸೆಗೆ ಹೇಳ್ತಿದ್ದಾನೆ ಅಂತ ನನಗೆ ಅನ್ನಿಸಲಿಲ್ಲ.

ಆ_ತಮ್ಮ

ಸ್ನೇಹಿತರ ಜೊತೆ ಕೂತು ಮಾತಾಡಿದ್ವಿ. ಹತ್ತಡಿಗೆ ಒಂದಡಿ ಲೆಕ್ಕ ಅಪ್ಪನಿಗೂ ಓದಿ ಹೇಳಿದೆ, ಎರಡು ಸಲ ಓದಿಸಿಕೊಂಡ್ರು. ಮನಾಲಿವರೆಗೆ ನಮ್ಮ ಗಾಡಿ. ಸುರಂಗದ ಆಚೆಗೆ ಹಿಮ ಇದ್ದ ದಿನ ಅಲ್ಲಿನ ಟ್ಯಾಕ್ಸಿ. ಒಣಗಿದ ದಿನ ಸಿಕ್ಕಿದ್ರೆ ಮಾತ್ರ ನಾನು ಓಡಿಸ್ತೀನಿ, ಸಾಯಂಕಾಲದೊಳಗೆ ವಾಪಸ್. ಚೈನ್ ಮಾತ್ರ ತಗೊಂಡೇ ಹೋಗ್ತೀನಿ, ಮನಾಲಿಯ ಒಳಗಿನ ರಸ್ತೆಯಲ್ಲೂ ಬೇಕಾಗಬಹುದು ಅಂತ. ಆನ್‌ಲೈನಲ್ಲಿ ಆರ್ಡರ್ ಮಾಡಿದ್ದೀನಿ, ಟೈರ್ ಸೈಜ್ ನೋಡಿಯೇ. ಸೈನಿಕರೇ, ಕಟ್ಟೋದು ವಿಡಿಯೋ ನೋಡಿ ಕಲಿಯಬಹುದಾ?

ಮದ್ದೂರು_ಮಾಜಿಸೈನಿಕ

ವಿಡಿಯೋದಲ್ಲಿ ಎಲ್ಲರಿಗೂ ಬರುತ್ತೆ. ಕತ್ತಲಲ್ಲಿ, ಬೆರಳು ಮರಗಟ್ಟಿರೋವಾಗ, ಕೆಸರು ಹಿಮದಲ್ಲಿ ಮಂಡಿಯೂರಿ ಕೊಕ್ಕೆ ಹುಡುಕೋದು ಬೇರೆ. ಚೈನ್ ಬಂದ ಮೇಲೆ ಭಾನುವಾರ ಮದ್ದೂರಿಗೆ ಬಾ ಮಗಾ, ಸಾಯಂಕಾಲ ಏಳರ ಮೇಲೆ. ಕೈಗವಸು ತಗೊಂಡು ಬಾ, ಟಾರ್ಚ್ ಬೇಡ. ಜೊತೆಗೆ ಬರೋ ಸ್ನೇಹಿತರನ್ನೂ ಕರ್ಕೊಂಡು ಬಾ, ಒಬ್ಬನಿಗೆ ಬಂದ್ರೆ ಸಾಲದು.